ಹದಿನೇಳನೇ ನಂಬರಿನ ಚೀಟಿ

ಏಪ್ರಿಲ್ ಹನ್ನೊಂದರ ಬೆಳಿಗ್ಗೆ ಕಲ್ಲಿಕೋಟೆಯ ಕಡಲ ಬದಿಯ ಠಾಣೆಗೆ ಒಬ್ಬ ದೂರುದಾರ ಬಂದ. ಅವನನ್ನು ಕಂಡು ಪಹರೆಯ ಕಾನ್‌ಸ್ಟೆಬಲ್ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. ನೀಲತ್ತಿರ ಎಫ್.ಸಿ. ಫುಟ್‌ಬಾಲ್ ತಂಡದ ಹದಿನೇಳನೇ ನಂಬರಿನ ಆಟಗಾರ ರಿನ್ಶಾದ್‌ನನ್ನು ಆ ಊರಿನಲ್ಲಿ ಗುರುತು ಹಿಡಿಯದವರಿರಲಿಲ್ಲ. ಆದರೆ ಆ ದಿನ ಯಾರೂ ಅವನ ಜೊತೆ ಫೋಟೊ ಕೇಳಲಿಲ್ಲ. ಅವನು ನಿಷೇಧಿತ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಸುದ್ದಿ ಪೇಪರಿನಲ್ಲಿ ಬಂದು ಮೂರು ದಿನವಾಗಿತ್ತು.

ಇನ್ಸ್‌ಪೆಕ್ಟರ್ ವತ್ಸಲನ್ ದೂರನ್ನು ಎರಡು ಸಲ ಓದಿದರು.

"ಮೂತ್ರದಲ್ಲಿ ಏನು ಸಿಕ್ತಂತೆ?"

"ಫ್ಯೂರೊಸೆಮೈಡ್ ಅಂತೆ ಸಾರ್. ಮೈಯಲ್ಲಿರೋ ನೀರು ಇಳಿಸೋ ಮಾತ್ರೆ. ಅದರಿಂದ ಶಕ್ತಿ ಏನೂ ಬರಲ್ಲ. ಶಕ್ತಿ ಮದ್ದು ತಗೊಂಡೋರು ಅದು ಗೊತ್ತಾಗದೆ ಇರ್ಲಿ ಅಂತ ಇದನ್ನ ನುಂಗ್ತಾರಂತೆ. ಅದಕ್ಕೇ ನಿಷೇಧ."

"ನೀನು ನುಂಗಿದ್ಯಾ?"

"ಇಲ್ಲ."

"ಪಂದ್ಯದ ದಿನ ಹೊರಗಿನದು ಏನಾದ್ರೂ ತಿಂದ್ಯಾ?"

"ನೋಂಬು ಹಿಡಿದಿದ್ದೆ ಸಾರ್. ಹಗಲಿಡೀ ರಮಜಾನಿನ ಉಪವಾಸ. ಆಮೇಲೂ ಸೀಲ್ ಒಡೆಯದ ಬಾಟಲಿ ಬಿಟ್ಟು ಬೇರೆ ನೀರು ಮುಟ್ಟಿಲ್ಲ. ಪರೀಕ್ಷೆ ಮಾಡೋರೂ ಇದನ್ನೇ ಕೇಳಿದ್ರು. ಹೊರಗಿನದು ಏನೂ ಇಲ್ಲ ಅಂದೆ." ರಿನ್ಶಾದ್ ತನ್ನ ಕೈಗಳನ್ನು ನೋಡಿಕೊಂಡ. "ಮೇ ಎರಡಕ್ಕೆ ವಿಚಾರಣೆ. ಅದು ನನ್ನ ಹೊಟ್ಟೆಗೆ ಹೇಗೆ ಹೋಯ್ತು ಅಂತ ನಾನೇ ತೋರಿಸ್ಬೇಕು. ಗೊತ್ತಿಲ್ಲ ಅಂದ್ರೆ ಎರಡು ವರ್ಷ ಆಟ ಇಲ್ಲ. ನಾಲ್ಕೂ ಆಗ್ಬಹುದು. ಅಷ್ಟು ಹೊತ್ತಿಗೆ ನಾನು ಯಾರು ಅಂತ ನನ್ನ ಬೀದಿಯೋರಿಗೂ ನೆನಪಿರಲ್ಲ."

ಆಹಾರದಲ್ಲಿ ಮದ್ದು ಬೆರೆಸಿ ಅಪಾಯ ಮಾಡಿದ ಆರೋಪದ ಮೇಲೆ ಅಪರಿಚಿತ ವ್ಯಕ್ತಿಯ ವಿರುದ್ಧ ಎಫ್.ಐ.ಆರ್. ದಾಖಲಾಯಿತು. ಮಧ್ಯಾಹ್ನಕ್ಕೆ ಡಿ.ವೈ.ಎಸ್.ಪಿ. ಹರೀಂದ್ರನ್ ಫೋನ್ ಮಾಡಿದರು. ವತ್ಸಲನ್ ಮತ್ತು ಅವರು ಒಟ್ಟಿಗೇ ಕೆಲಸಕ್ಕೆ ಸೇರಿದವರು. ಈಗ ಒಬ್ಬರು ಫೋನ್ ಮಾಡುವವರು, ಒಬ್ಬರು ಎದ್ದು ನಿಂತು ಉತ್ತರ ಕೊಡುವವರು.

"ಏನಪ್ಪಾ ವತ್ಸಲಾ, ಫುಟ್‌ಬಾಲ್ ಕೇಸಂತೆ? ನಿನಗೆ ಹಬ್ಬ."

"ನೋಡ್ತಿದ್ದೀನಿ ಸಾರ್," ಎಂದರು ವತ್ಸಲನ್. 'ಸಾರ್' ಎನ್ನುವಾಗ ಅವರ ನಾಲಿಗೆ ಪ್ರತಿ ಸಲದಂತೆ ಒಂದು ಗಳಿಗೆ ತಡೆಯಿತು. ಕಾನ್‌ಸ್ಟೆಬಲ್ ಜಿಷಾ ಅದನ್ನು ಗಮನಿಸಿ ಕಿಟಕಿಯ ಕಡೆ ತಿರುಗಿಕೊಂಡಳು.

ಸಂಜೆ ಕ್ರೀಡಾಂಗಣದ ಡ್ರೆಸ್ಸಿಂಗ್ ರೂಮಿನಲ್ಲಿ ಪಂಚನಾಮೆ ನಡೆಯಿತು. ತಂಡದ ಡಾಕ್ಟರ ಪೆಟ್ಟಿಗೆಯಲ್ಲಿ ಆ ಮಾತ್ರೆ ಇರಲಿಲ್ಲ. ನೀರಿನ ಬಾಟಲಿಗಳು ಬರುವುದು, ಒಡೆಯುವುದು ಎಲ್ಲವೂ ಎಲ್ಲರ ಕಣ್ಣೆದುರಿಗೇ. ಉಳಿದವನು ಜಿಬಿನ್ ಪೌಲೋಸ್. ರಿನ್ಶಾದ್ ಆಡಿದ ದಿನ ಬೆಂಚಿನಲ್ಲಿ ಕೂರುವವನು.

"ಅರವತ್ತೆರಡನೇ ನಿಮಿಷಕ್ಕೆ ಅವನು ಕಾಲು ಹಿಡಿದುಕೊಂಡು ಕೂತ. ಅವನ ಜಾಗಕ್ಕೆ ನೀನು ಇಳಿದೆ," ಎಂದರು ವತ್ಸಲನ್.

"ಹೌದು."

"ಗ್ಯಾಲರಿಯಲ್ಲಿ ರಾಷ್ಟ್ರೀಯ ತಂಡಕ್ಕೆ ಆರಿಸೋರು ಕೂತಿದ್ರು."

"ಅದೂ ಹೌದು."

"ಅವನು ಕೂತಾಗ ಏನನಿಸ್ತು?"

ಜಿಬಿನ್ ಸ್ವಲ್ಪ ಯೋಚಿಸಿದ. "ಖುಷಿಯಾಯ್ತು ಸಾರ್. ಎರಡು ಸೀಸನ್ನಿಂದ ಅವನ ಬೆನ್ನು ನೋಡ್ಕೊಂಡು ಕೂತಿದ್ದೀನಿ. ಅವನಿಗೆ ನೆಗಡಿ ಆಗ್ಲಿ ಅಂತ ಮೇಣದ ಬತ್ತಿ ಹಚ್ಚಿದ್ದೂ ಉಂಟು. ಅದಕ್ಕೆ ಯಾವುದಾದ್ರೂ ಸೆಕ್ಷನ್ ಇದ್ರೆ ಹಾಕಿ."

ವತ್ಸಲನ್‌ಗೆ ನಗು ಬಂತು. ಹೊಟ್ಟೆಕಿಚ್ಚನ್ನು ಹೀಗೆ ಬಾಯಿಬಿಟ್ಟು ಹೇಳುವವನು ಕಳ್ಳತನದಲ್ಲಿ ಏನನ್ನಾದರೂ ಮಾಡುವುದು ಅಪರೂಪ ಎಂದು ಅವರಿಗೆ ಅನಿಸಿತು. ತಮ್ಮ ಬಗ್ಗೆಯೂ ಅದೇ ಮಾತು ಹೇಳಬಹುದೇ ಎಂದು ಯೋಚಿಸಿ ಅದನ್ನು ಅಲ್ಲಿಗೇ ಬಿಟ್ಟರು.

ಮರುದಿನ ಅವರು ಮಾದರಿ ಸಂಗ್ರಹಿಸಿದ ಅಧಿಕಾರಿಯನ್ನು ಕಂಡರು. ಸುನಂದಾ ವಾರಿಯರ್ ಎಂಬ ಆ ಹೆಂಗಸು ಎಲ್ಲವನ್ನೂ ನಿಧಾನವಾಗಿ ಹೇಳಿದರು. ಪಂದ್ಯ ಮುಗಿದಾಗ ಆಟಗಾರರ ಮೈಯೆಲ್ಲ ಬೆವರಾಗಿ ಹೋಗಿರುತ್ತದೆ. ಕೆಲವರು ಬಾಟಲಿಗಟ್ಟಲೆ ಕುಡಿದು ಗಂಟೆಗಟ್ಟಲೆ ಕೂತರೂ ಮಾದರಿ ಬರುವುದಿಲ್ಲ.

"ಈ ಹುಡುಗ ಬಂದ ಕೂಡಲೇ ಕೊಟ್ಟ. ಅದೂ ಬರೀ ನೀರಿನ ಹಾಗೆ. ಅಷ್ಟು ತೆಳು ಇದ್ರೆ ಆಗಲ್ಲ ಅಂತ ಕೂರಿಸಿ ಇನ್ನೊಂದು ಸಲ ತಗೊಂಡ್ವಿ."

"ಅಂದ್ರೆ ಮಾತ್ರೆ ಹೊಟ್ಟೆಗೆ ಹೋಗಿದ್ದು ಯಾವಾಗ?"

"ಅವತ್ತೇ. ಪಂದ್ಯದ ಸ್ವಲ್ಪ ಮುಂಚೆ. ಮೈ ನೀರೆಲ್ಲ ಹೋಗಿದ್ದಕ್ಕೇ ಕಾಲು ಹಿಡಿದಿದ್ದು."

"ಅವನನ್ನೇ ಯಾಕೆ ಕರೆದ್ರಿ? ಯಾರಾದ್ರೂ ಸುಳಿವು ಕೊಟ್ಟಿದ್ರಾ?"

"ಇಲ್ಲಪ್ಪ. ಮಧ್ಯಂತರದಲ್ಲಿ ಎರಡೂ ತಂಡದೋರ ಎದುರಿಗೆ ಚೀಟಿ ಎತ್ತೋದು. ಹದಿನೇಳು ಬಂತು."

ಜೀಪು ಗಾಂಧಿ ರಸ್ತೆಯ ಸಿಗ್ನಲ್‌ನಲ್ಲಿ ನಿಂತಾಗ ವತ್ಸಲನ್ ಜಿಷಾಳ ಕಡೆ ತಿರುಗಿದರು.

"ಜಿಷಾ, ನಾವು ತಪ್ಪು ಮನುಷ್ಯನನ್ನ ಹುಡುಕ್ತಿದ್ದೀವಿ."

"ಯಾರನ್ನ ಸಾರ್?"

"ಇವನನ್ನ ಆಟದಿಂದ ನಿಷೇಧಿಸಬೇಕು ಅಂತ ಹೊರಟೋನನ್ನ. ಅಂಥೋನು ಇಲ್ಲ. ಯಾವ ಚೀಟಿ ಬರುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. ಮಾತ್ರೆ ಹಾಕಿದೋನಿಗೆ ಪರೀಕ್ಷೆಯ ಯೋಚನೆಯೇ ಇರಲಿಲ್ಲ. ಅವತ್ತು ಒಂದು ಸಂಜೆ ಇವನ ಕಾಲು ಸೋಲಬೇಕಿತ್ತು, ಅಷ್ಟೇ."

"ಅಂದ್ರೆ ಫುಟ್‌ಬಾಲ್‌ನೋರು ಅಲ್ಲ," ಎಂದಳು ಜಿಷಾ. "ಅವರಾಗಿದ್ರೆ ಪರೀಕ್ಷೆಗೆ ಹೆದರ್ತಿದ್ರು."

ರಿನ್ಶಾದ್‌ನನ್ನು ಮತ್ತೆ ಕರೆಸಿದರು. ಈ ಸಲ ವತ್ಸಲನ್ ಪ್ರಶ್ನೆಯನ್ನು ಬದಲಾಯಿಸಿದರು.

"ಅವತ್ತು ನೋಂಬು ಎಲ್ಲಿ ತೆರೆದೆ?"

"ಕ್ರೀಡಾಂಗಣದಲ್ಲೇ ಸಾರ್. ಬಾಂಗು ಆದಾಗ ಒಂದು ಖರ್ಜೂರ, ಆಮೇಲೆ ತರಿಕಂಜಿ, ರವೆಯ ಗಂಜಿ."

"ತರಿಕಂಜಿ ಎಲ್ಲಿಂದ ಬಂತು?"

"ಮನೆಯಿಂದ. ನೂರಳ ಮನೆಯಿಂದ."

"ಹೊರಗಿನದು ಏನೂ ತಿಂದಿಲ್ಲ ಅಂದ್ಯಲ್ಲ?"

ರಿನ್ಶಾದ್ ಅವರ ಮುಖವನ್ನೇ ನೋಡಿದ. "ಹೆಂಡತಿ ಮನೆಯದು ಹೊರಗಿನದು ಹೇಗಾಗುತ್ತೆ ಸಾರ್? ನೋಂಬು ತೆರೆಯೋಕೆ ನೂರಳ ಉಮ್ಮ ಕಳಿಸಿದ ಕಂಜಿ ಅದು." ಹೇಳುತ್ತ ಹೇಳುತ್ತ ಅವನ ದನಿ ತೆಳುವಾಯಿತು.

ರಿನ್ಶಾದ್‌ಗೆ ಮದುವೆಯಾಗಿ ಐದು ತಿಂಗಳು. ಕಲ್ಲಿಕೋಟೆಯ ಕುಟ್ಟಿಚ್ಚಿರದ ತರವಾಡುಗಳಲ್ಲಿ, ಆ ಹಳೆಯ ಕೂಡುಕುಟುಂಬದ ಮನೆಗಳಲ್ಲಿ, ಹೆಣ್ಣು ಗಂಡನ ಮನೆಗೆ ಹೋಗುವುದಿಲ್ಲ, ಗಂಡನೇ ಅವಳ ಮನೆಗೆ ಬರುತ್ತಾನೆ. ಮೊದಲ ವರ್ಷ ಅವನು ಪುದಿಯಾಪ್ಲ, ಹೊಸ ಅಳಿಯ. ಮೊದಲ ರಮಜಾನಿನಲ್ಲಂತೂ ಅವನ ತಟ್ಟೆಯೇ ಬೇರೆ, ತಿಂಡಿಯೇ ಬೇರೆ. ಅತ್ತೆ ಆಯಿಷಬಿ ಹೊಸ ಅಳಿಯನ ಪಾಲಿನ ರವೆ ಗಂಜಿಗೆ ಗೋಡಂಬಿ, ಸಣ್ಣ ಈರುಳ್ಳಿಯನ್ನು ತುಪ್ಪದಲ್ಲಿ ಹುರಿದು ಹಾಕಿ, ಮುಚ್ಚಳದ ಪಾತ್ರೆಯಲ್ಲಿ ತುಂಬಿಸಿ, ಕಸೂತಿ ಬಟ್ಟೆ ಸುತ್ತಿ ಕ್ರೀಡಾಂಗಣಕ್ಕೆ ಕಳಿಸಿದ್ದಳು. ಜೊತೆಯ ಆಟಗಾರರಿಗೆ ದೊಡ್ಡ ಫ್ಲಾಸ್ಕಿನಲ್ಲಿ ಸಾದಾ ಗಂಜಿ.

"ಯಾರು ತಂದ್ರು?"

"ಬಾಸಿತ್ ಇಕ್ಕ. ನೂರಳ ಅಕ್ಕ ಸಜ್ನಳ ಗಂಡ." ಕೇಳದೆಯೇ ಅವನು ಮುಂದುವರಿಸಿದ. "ಅವರು ಹಾಗೆ ಮಾಡೋರಲ್ಲ ಸಾರ್. ಏಳು ಜನರ ತಂಡದ ಸೆವೆನ್ಸ್ ಫುಟ್‌ಬಾಲ್‌ನಲ್ಲಿ ಒಂದು ಕಾಲಕ್ಕೆ ಹೆಸರು ಮಾಡಿದೋರು. ಎಡಗಾಲಲ್ಲಿ ಚೆಂಡು ಮರೆ ಮಾಡೋದನ್ನ ನನಗೆ ಅಂಗಳದಲ್ಲಿ ಕಲಿಸಿಕೊಟ್ಟಿದ್ದೇ ಅವರು."

ಕುಟ್ಟಿಚ್ಚಿರದಿಂದ ಕ್ರೀಡಾಂಗಣದವರೆಗಿನ ದಾರಿಯ ಕ್ಯಾಮೆರಾಗಳಲ್ಲಿ ಎರಡರಲ್ಲಿ ಮಾತ್ರ ಪಂದ್ಯದ ದಿನವಾದ ಮಾರ್ಚ್ ಹದಿನಾಲ್ಕರ ದೃಶ್ಯ ಉಳಿದಿತ್ತು. ಒಂದರಲ್ಲಿ ಬಾಸಿತ್‌ನ ಸ್ಕೂಟರ್ ಬೇಕರಿಯ ಪಕ್ಕದ ಗಲ್ಲಿಗೆ ತಿರುಗುವುದು ಕಾಣುತ್ತಿತ್ತು. ಹೊರಬರುವುದು ಕಾಣುವಾಗ ಐದು ನಿಮಿಷವಾಗಿತ್ತು.

ಬೇಕರಿಯ ಹಂಸಕೋಯ ಮೊದಲಿಗೆ ತಲೆ ಅಲ್ಲಾಡಿಸಿದ. "ನಾನೇನೂ ನೋಡಿಲ್ಲ."

"ಗಲ್ಲಿ ನಿಮ್ಮ ಕಿಟಕಿಯಿಂದಲೇ ಕಾಣುತ್ತೆ ಕೋಯ ಇಕ್ಕ."

"ಕಾಣುತ್ತೆ. ಕಂಡದ್ದನ್ನೆಲ್ಲ ನೋಡ್ಬೇಕು ಅಂತ ಇದ್ಯಾ ಸಾರೇ?"

ಜಿಷಾ ಪಕ್ಕದಲ್ಲಿ ಕುಳಿತಳು. "ಕೋಯ ಇಕ್ಕ, ಒಬ್ಬ ಹುಡುಗನ ಬದುಕು ಹೋಗ್ತಿದೆ."

ಹಂಸಕೋಯ ಗಲ್ಲದ ಗಡ್ಡ ಸವರಿಕೊಂಡ. "ಬಾಂಗಿಗೆ ಇನ್ನೂ ಸಮಯ ಇತ್ತು. ಇವನು ಸ್ಕೂಟರ್ ನಿಲ್ಲಿಸಿ ಬಟ್ಟೆ ಬಿಚ್ಚಿ ಪಾತ್ರೆಯ ಮುಚ್ಚಳ ತೆಗೆದ. ಪಾಪ, ಹಸಿವು ತಡೀಲಾರದೆ ಕದ್ದು ಕುಡೀತಿದ್ದಾನೆ ಅಂದ್ಕೊಂಡೆ. ಹೆಂಡತಿ ಮನೆಯೋರಿಗೆ ಗೊತ್ತಾದ್ರೆ ಮಾನ ಹೋಗುತ್ತೆ. ಒಬ್ಬನ ನೋಂಬು ಅವನಿಗೂ ಸೃಷ್ಟಿಸಿದವನಿಗೂ ಬಿಟ್ಟದ್ದು. ನಾನು ಮುಖ ತಿರುಗಿಸಿಕೊಂಡೆ."

"ಕುಡಿದಿದ್ದನ್ನ ನೋಡಿದ್ರಾ?"

"ಅದೇ ಹೇಳಿದ್ನಲ್ಲ, ಮುಖ ತಿರುಗಿಸಿದೆ. ತಿರುಗಿಸೋಕೆ ಮುಂಚೆ ಬೆರಳಲ್ಲಿ ಏನೋ ಕದಡ್ತಿದ್ದ."

ಏಪ್ರಿಲ್ ಹದಿನೈದರಂದು ತರವಾಡಿಗೆ ಹೋದಾಗ ಹೆಂಗಸರ ಕೋಣೆಗಳಿಗೆ ಜಿಷಾ ಒಬ್ಬಳೇ ನಡೆದಳು. ವತ್ಸಲನ್ ಹೊರ ಜಗಲಿಯಲ್ಲಿ ಕುಳಿತು ಕೊಟ್ಟ ಸುಲೈಮಾನಿ ಚಹಾ ಕುಡಿದರು. ಜಿಷಾ ಅರ್ಧ ಗಂಟೆಯ ಮೇಲೆ ಬಂದಳು.

"ಒಳಗೆ ಉಮ್ಮಾಮ ಇದ್ದಾರೆ ಸಾರ್, ಆಯಿಷಬಿಯ ತಾಯಿ. ಹೃದಯದ ಕಾಯಿಲೆ. ಕಾಲು ಊದಿಕೊಳ್ಳುತ್ತೆ. ಅದಕ್ಕೆ ದಿನಾ ಒಂದು ಮಾತ್ರೆ. ನಮ್ಮ ಕೇಸಿನ ಮಾತ್ರೆಯೇ."

"ತಂದುಕೊಡೋದು ಯಾರು?"

"ಬಾಸಿತ್. ಅಜ್ಜಿ ಅವನನ್ನ ಬಹಳ ಹೊಗಳ್ತಾರೆ. ಒಂದೇ ಒಂದು ಸಲ ತಪ್ಪಿಸಿದ್ನಂತೆ. ರಮಜಾನಿನ ನಡುವೆ ಮಾತ್ರೆ ಇದ್ದಕ್ಕಿದ್ದಂತೆ ಮುಗಿದು ಹೋಗಿ ಎರಡು ದಿನ ಕಾಲು ನೆಲಕ್ಕೆ ಊರೋಕಾಗಲಿಲ್ಲ. ಯಾವಾಗ ಉಮ್ಮಾಮ ಅಂತ ಕೇಳಿದೆ. 'ನಮ್ಮ ಪುದಿಯಾಪ್ಲ ಆಟದಲ್ಲಿ ಬಿದ್ದ ಮಾರನೇ ದಿನ. ಮನೆಯಲ್ಲಿ ಇಬ್ಬರದೂ ಕಾಲು ಹೋಗಿತ್ತು' ಅಂತ ನಕ್ಕರು."

ಪಂಚರ ಎದುರು ಸ್ಕೂಟರಿನ ಸೀಟು ಎತ್ತಿಸಿದರು. ಹಳೆಯ ಮಳೆಕೋಟಿನ ಕೆಳಗೆ ಮೂರು ಗುಳಿ ಒಡೆದ ಅದೇ ಮಾತ್ರೆಯ ಪಟ್ಟಿಯೊಂದು ಮಡಿಸಿಕೊಂಡು ಬಿದ್ದಿತ್ತು. ಅದನ್ನು ಲಕೋಟೆಗೆ ಹಾಕಿ ಮೊಹರು ಮಾಡಿ ಸಹಿ ತೆಗೆದುಕೊಂಡರು. ಬಾಸಿತ್ ವ್ಯಾಪಾರದ ಮೇಲೆ ಕಣ್ಣೂರಿಗೆ ಹೋಗಿದ್ದ. ಮರುದಿನ ಬರುವವನಿದ್ದ.

ಆ ಮರುದಿನ ಬಾಸಿತ್‌ಗಿಂತ ಮೊದಲು ಠಾಣೆಗೆ ಬಂದವನು ರಿನ್ಶಾದ್. ಹೆಂಡತಿ ನೂರ ಜೊತೆಗಿದ್ದಳು. ಅತ್ತು ಅವಳ ಕಣ್ಣು ಊದಿತ್ತು.

"ಸಾರ್, ದೂರು ವಾಪಸ್ ತಗೊಳ್ತೀನಿ."

"ಯಾಕೆ?"

"ಸಜ್ನಕ್ಕ ನನ್ನ ಕಾಲು ಹಿಡಿದ್ರು. ಅವರಿಗೆ ಎರಡು ಮಕ್ಕಳು. ಉಮ್ಮ ಊಟ ಬಿಟ್ಟಿದ್ದಾರೆ. ನಾನು ಆಡಿದ್ರೆ ಆ ಮನೆ ಮುರಿಯುತ್ತೆ."

"ಆಡದೆ ಹೋದ್ರೆ?"

ನೂರ ಹೇಳಿದಳು. "ಆಡದೆ ಹೋದ್ರೆ ಇವರು ಆ ಮನೆಯಲ್ಲಿ ಕೂತು ದಿನಾ ಬಾಸಿತಿಕ್ಕನ ಮುಖ ನೋಡ್ಬೇಕು ಸಾರ್. ಎರಡು ವರ್ಷ. ನನಗೆ ಅದು ಬೇಡ. ಆದ್ರೆ ನನ್ನ ಬಾಯಿಂದ ಅಕ್ಕನಿಗೆ ಅದನ್ನ ಹೇಳೋಕಾಗಲ್ಲ."

ವತ್ಸಲನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮಿಬ್ಬರಿಗೂ ಹೇಳೋ ಅಗತ್ಯ ಇಲ್ಲ. ಇಂಥ ಕೇಸು ದಾಖಲಾದ ಮೇಲೆ ಅದು ಸರಕಾರದ್ದು. ಅದನ್ನ ವಾಪಸ್ ತಗೊಳ್ಳೋದು ನಿನ್ನ ಕೈಯಲ್ಲಿಲ್ಲ, ನನ್ನ ಕೈಯಲ್ಲೂ ಇಲ್ಲ. ಮನೆಗೆ ಹೋಗಿ ಹಾಗೇ ಹೇಳಿ. ಪೊಲೀಸರು ಕೇಳಲಿಲ್ಲ, ಬೈದು ಕಳಿಸಿದ್ರು ಅನ್ನಿ."

ರಿನ್ಶಾದ್ ತಲೆ ತಗ್ಗಿಸಿಕೊಂಡೇ ಇದ್ದ. ಅವನ ಹೆಗಲು ಮಾತ್ರ ಸ್ವಲ್ಪ ಇಳಿಯಿತು.

ಅಂದು ಮಧ್ಯಾಹ್ನ ರೈಲಿನಿಂದ ಇಳಿದ ಬಾಸಿತ್‌ನನ್ನು ಪ್ಲಾಟ್‌ಫಾರ್ಮಿನಲ್ಲೇ ಬಂಧಿಸಿದರು. ಅವನು ಎದುರಾಡಲಿಲ್ಲ. ಮೂವತ್ತಾರು ವರ್ಷ, ಒಳ್ಳೆಯ ಇಸ್ತ್ರಿಯ ಶರ್ಟು, ಸ್ವಲ್ಪ ಹೊಟ್ಟೆ. ಪ್ರಶ್ನೆಗಳಿಗೆಲ್ಲ ಚುಟುಕಾಗಿ ಉತ್ತರಿಸಿದ.

"ಎಷ್ಟು ಮಾತ್ರೆ?"

"ಮೂರು. ಸ್ಕೂಟರಿನ ಕೀಲಿಯಲ್ಲಿ ಪುಡಿ ಮಾಡಿದೆ."

"ಪರೀಕ್ಷೆ ಮಾಡ್ತಾರೆ ಅಂತ ಗೊತ್ತಿತ್ತಾ?"

"ನಮ್ಮ ಸೆವೆನ್ಸ್‌ನಲ್ಲಿ ಯಾರು ಯಾರ ಮೂತ್ರ ನೋಡ್ತಾರೆ ಸಾರ್? ನನಗೆ ಅದೆಲ್ಲ ಗೊತ್ತಿಲ್ಲ. ಅಜ್ಜಿ ಒಂದು ಮಾತ್ರೆಗೇ ಸುಸ್ತಾಗಿ ಮಲಗ್ತಾರೆ. ಇವನು ಅವತ್ತು ಎಲ್ಲರ ಹಾಗೆ ಓಡಿದ್ರೆ ಸಾಕಿತ್ತು. ಒಂದು ದಿನ."

"ಯಾಕೆ?"

ಜಿಷಾ ಹೊಸ ಹಾಳೆ ತೆಗೆದಳು.

"ಎಂಟು ವರ್ಷದ ಹಿಂದೆ ನಾನು ಅಲ್ಲಿಗೆ ಪುದಿಯಾಪ್ಲ ಆಗಿ ಹೋದೆ. ಮೀನಿನ ತಲೆ ನನಗೆ, ಕೋಳಿಯ ಒಳ್ಳೆ ತುಂಡು ನನಗೆ. ಉಪ್ಪು ಸರಿಯಿದೆಯಾ ಅಂತ ಉಮ್ಮ ಬಾಗಿಲ ಹಿಂದೆ ನಿಂತು ಕೇಳೋರು. ಅದು ಒಂದು ವರ್ಷದ ಮರ್ಯಾದೆ ಅಂತ ನನಗೂ ಗೊತ್ತು. ಇವನು ಬರೋವರೆಗೆ ಅದು ಮುಗಿದಿದೆ ಅಂತ ಅನಿಸಿರಲಿಲ್ಲ, ಅಷ್ಟೇ. ಅವತ್ತು ಬಾಗಿಲ ಹಿಂದಿನಿಂದಲೇ ಪಾತ್ರೆ ಕೈಗೆ ಕೊಟ್ಟು 'ಚೆಲ್ಲಬೇಡ, ಪುದಿಯಾಪ್ಲನದು' ಅಂದ್ರು. ನಾನೂ ನೋಂಬು ಹಿಡಿದಿದ್ದೆ ಸಾರ್. ನೀನು ಎಲ್ಲಿ ತೆರೀತೀಯ ಅಂತ ಒಬ್ಬರೂ ಕೇಳಲಿಲ್ಲ. ಗೇಟಿನ ವಾಚ್‌ಮನ್ ಕೊಟ್ಟ ನೀರು ಕುಡಿದೆ."

"ಅವನು ಬಿದ್ದಾಗ ನೋಡಿದೆಯಾ?"

"ಗ್ಯಾಲರಿಯಲ್ಲೇ ಇದ್ದೆ. ಅವನೇ ಪಾಸ್ ಕೊಟ್ಟಿದ್ದ."

"ಸಮಾಧಾನ ಆಯ್ತಾ?"

"ಮನೆ ತಲುಪೋವರೆಗೆ." ಬಾಸಿತ್ ತನ್ನ ಕೈ ಉಗುರನ್ನು ನೋಡಿಕೊಂಡ. "ನಾನು ಹೋಗೋಷ್ಟರಲ್ಲಿ ಉಮ್ಮ ಎಣ್ಣೆ ಬಿಸಿಗಿಟ್ಟಿದ್ರು. ಅವನು ಬಂದ ಕೂಡಲೇ ಮಂಚದ ಮೇಲೆ ಮಲಗಿಸಿ, ತಾವೇ ನೆಲಕ್ಕೆ ಕೂತು ಅವನ ಮೀನಖಂಡ ತಿಕ್ಕಿದ್ರು. ಎಂಟು ವರ್ಷದಲ್ಲಿ ನನ್ನ ಎದುರಿಗೇ ಬರದೆ ಬಾಗಿಲ ಹಿಂದೆ ನಿಂತೋರು ಸಾರ್ ಅವರು. ಇನ್ನೊಂದು ಪಾತ್ರೆ ಕಂಜಿ ಮಾಡಿ ತಮ್ಮ ಕೈಯಾರೆ ಕುಡಿಸಿದ್ರು. ಗೆದ್ದು ಬಂದಿದ್ರೂ ಅಷ್ಟು ಮಾಡ್ತಿರಲಿಲ್ಲ."

ಬರೆದುಕೊಂಡ ಹೇಳಿಕೆಯನ್ನು ಅವನಿಗೆ ಓದಿ ಹೇಳಿದರು. ಎಫ್.ಐ.ಆರ್., ಪಂಚನಾಮೆ ಮತ್ತು ಸಾಕ್ಷಿಗಳ ಹೇಳಿಕೆಗಳ ದೃಢೀಕೃತ ಪ್ರತಿಗಳು ಅಂದು ಸಂಜೆಯೇ ಮೇ ಎರಡರ ವಿಚಾರಣೆ ನಡೆಸುವವರಿಗೆ ಹೊರಟವು. ಬಾಸಿತ್‌ನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಜೀಪು ಹತ್ತಿಸುವಾಗ ಅವನು ವತ್ಸಲನ್ ಕಡೆ ತಿರುಗಿ ಕೇಳಿದ್ದು ಒಂದೇ ಮಾತು.

"ಮನೆಯಿಂದ ನನಗೆ ಯಾರಾದ್ರೂ ಊಟ ತಂದಿದ್ದಾರಾ ಸಾರ್?"

ವತ್ಸಲನ್ ಠಾಣೆಯ ಬಾಗಿಲ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.