ಗಾದೆಪ್ಪನಿಗೆ ಬಿಟ್ಟ ದಾರಿ

ಇದನ್ನು ಹೇಳಲು ನನಗೆ ಭಯಕ್ಕಿಂತ ನಾಚಿಕೆಯೇ ಹೆಚ್ಚು. ಮೋಕ ರಸ್ತೆಯಲ್ಲಿ ಸೈಕಲ್ ಮೇಲೆ ಮಂಡಕ್ಕಿ ಚೀಲ ಹೇರಿಕೊಂಡು ಹೋಗುತ್ತಿದ್ದ ಗಾದೆಪ್ಪನಿಗೆ ದಿನವೂ ಕಾರಿನ ಹಾರ್ನ್ ಬಾರಿಸಿ, "ಮಣ್ಣಾಗ ಇಳಿಯಲೇ ಮುದುಕ!" ಎಂದು ಗದರುತ್ತಿದ್ದೆ. ಒಂದು ದಿನ ಹಾಗೆ ಇಳಿದವನು ಚಕ್ರ ಜಾರಿ ಬಿದ್ದ. ಕನ್ನಡಿಯಲ್ಲಿ ಕಂಡರೂ ನಾನು ನಿಲ್ಲಿಸಲಿಲ್ಲ. ಅವನು ಉಳಿಯಲಿಲ್ಲವೆಂದು ಮರುದಿನ ಕೇಳಿ ಸುಮ್ಮನಿದ್ದೆ.

ಮೊನ್ನೆ ಮಟಮಟ ಮಧ್ಯಾಹ್ನ ಅದೇ ತಿರುವಿನಲ್ಲಿ, ಖಾಲಿ ರಸ್ತೆಯ ಮೇಲೆ, ಟೈರಿನಡಿ ಮಂಡಕ್ಕಿ ಚರಚರ ಪುಡಿಯಾಗುವ ಸದ್ದು ಬಂತು. ಗಾಜು ಏರಿಸಿದ್ದರೂ ಕಿವಿಯ ಹತ್ತಿರವೇ ಸೈಕಲ್ ಬೆಲ್ಲು ಕೇಳಿಸಿತು. ಕನ್ನಡಿಯಲ್ಲಿ ಯಾರೂ ಇಲ್ಲ. ಕಾರನ್ನು ಮಣ್ಣಿಗಿಳಿಸಿ ನಿಲ್ಲಿಸಿದೆ. ರಸ್ತೆಯ ಮೇಲೆ ಏನೂ ಹಾಯಲಿಲ್ಲ.

ಪಕ್ಕದಲ್ಲಿದ್ದ ಹೆಂಡತಿ ಶಶಿರೇಖಾ ಮುಂದೆ ನೋಡುತ್ತ ಅಂದಳು: "ಪಾಪ, ದಾರಿ ಬಿಟ್ಟಿದ್ದಕ್ಕ ನಿಮಗ ಕೈ ಮುಗುದು ಹೋದ ನೋಡ್ರಿ, ಆ ಮಂಡಕ್ಕಿ ಮುದುಕ."

ಗಾದೆಪ್ಪನ ವಿಷಯ ನಾನವಳಿಗೆ ಇವತ್ತಿನವರೆಗೂ ಹೇಳಿಲ್ಲ.