ಅವನಿಗೆ ಮೊದಲು ಹೇಳಬೇಕಿತ್ತು

"ಸರ್, ನಿಮ್ಮ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂತ್ಕೋಬೋದಾ?"

"ಯಾಕೆ ಮೇಡಂ, ಅಟೆಂಡೆನ್ಸ್ ಶಾರ್ಟೇಜಾ?"

ಧನುಶ್ರೀಗೆ ನಗು ತಡೆಯಲಾಗಲಿಲ್ಲ. ಹೊಳೆನರಸೀಪುರದ ಕಾಲೇಜಿನಲ್ಲಿ ಅವಳು ಶಿಕ್ಷಣಶಾಸ್ತ್ರ ಹೇಳಿಕೊಡುತ್ತಿದ್ದಳು, ಅಲ್ಲೇ ಅರಕಲಗೂಡು ಕಡೆಯ ಶಾಂತರಾಜು ಇತಿಹಾಸ. ಯಾವ ದೇಶದಲ್ಲಿ ಕಾಲೇಜು ಮೇಷ್ಟ್ರುಗಳು ಪಾಠ ಮಾಡುವುದನ್ನು ಹೇಗೆ ಕಲಿಯುತ್ತಾರೆ ಎನ್ನುವುದೇ ಅವಳ ಪಿಎಚ್‌ಡಿ ವಿಷಯ. ಇಂಗ್ಲೆಂಡಿನಲ್ಲಿ ಹೊಸಬರು ಪಾಠ ಮಾಡುತ್ತಲೇ ಪಾಠ ಮಾಡುವುದನ್ನೂ ಓದುತ್ತಾರೆ. ಜಪಾನಿನಲ್ಲಿ ಒಬ್ಬರ ಕ್ಲಾಸಿನಲ್ಲಿ ಇನ್ನೊಬ್ಬರು ಕೂತು, ಕಂಡದ್ದನ್ನು ಮೊದಲು ಅವರಿಗೇ ಹೇಳುತ್ತಾರೆ. ನಮ್ಮಲ್ಲಿ ರಿಫ್ರೆಶರ್ ಕೋರ್ಸಿನ ಸರ್ಟಿಫಿಕೇಟ್ ತಂದರಾಯಿತು.

ಇಡೀ ಸೆಮಿಸ್ಟರ್ ಅವಳು ಹಿಂದೆ ಕೂತಳು. ಬೋರ್ಡಿನಿಂದ ತಿರುಗಿದಾಗಲೆಲ್ಲ ಅವನ ಕಣ್ಣು ಅವಳನ್ನು ಮುಟ್ಟಿ, ಬೆಚ್ಚಿ, ಪುಸ್ತಕಕ್ಕೆ ಇಳಿಯುತ್ತಿತ್ತು.

"ನೀವು ನೋಡ್ತಿದ್ರೆ ಟಿಪ್ಪು ಸತ್ತ ಇಸ್ವಿನೂ ಮರ್ತೋಯ್ತದೆ ಕಣ್ರೀ. ಎಂಗಿತ್ತು ಪಾಠ?"

"ಚೆನ್ನಾಗಿತ್ತು."

ಆ ಮುಖದ ಹಿಗ್ಗು ನೋಡಿದ ಮೇಲೆ ನಿಜ ಹೇಳಲು ಅವಳಿಗೆ ಬಾಯೇ ಬರುತ್ತಿರಲಿಲ್ಲ. ನಿಜವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಹಾಸನದ ಸೆಮಿನಾರಿನಲ್ಲಿ ಅದನ್ನೇ ಓದಿದಳು. "ಒಬ್ಬ ಅಧ್ಯಾಪಕರು ಒಂಬತ್ತು ವರ್ಷದಿಂದ ಅದೇ ನೋಟ್ಸ್ ಬರೆಸುತ್ತಿದ್ದಾರೆ. ಪ್ರಶ್ನೆ ಕೇಳಿದ ಹುಡುಗಿಗೆ, ಅದು ಪರೀಕ್ಷೆಗೆ ಬರಲ್ಲ ಅಂದರು."

ಹೆಸರಿರಲಿಲ್ಲ. ಆದರೂ ಅವಳ ಕಾಲೇಜಿನವರು ಒಟ್ಟಿಗೆ ಹಿಂದೆ ತಿರುಗಿ ನಕ್ಕರು. ಅಲ್ಲಿ, ಇಸ್ತ್ರಿ ಮಾಡಿದ ಹೊಸ ಶರ್ಟಿನಲ್ಲಿ, ಶಾಂತರಾಜು ಕೂತಿದ್ದ.

ಓದಿ ಮುಗಿಸಿ, ಮೆಟ್ಟಿಲ ಬಳಿ ಓಡಿಹೋಗಿ ಅವನನ್ನು ನಿಲ್ಲಿಸಿದಳು. "ಹೆಸರು ಹಾಕಿರಲಿಲ್ಲ ಸರ್..."

"ನಂಗೆ ಮೊದ್ಲು ಹೇಳಿದ್ರೆ ತಿದ್ಕೋತಿದ್ನಲ್ಲ ಮೇಡಂ," ಎಂದ ಅವನು, ಊಟಕ್ಕೂ ನಿಲ್ಲದೆ ಇಳಿದುಹೋದ. ಮುಂದಿನ ವರ್ಷ ಟ್ರಾನ್ಸ್‌ಫರ್ ಕೇಳಿ ಪಡೆದು ಚನ್ನರಾಯಪಟ್ಟಣಕ್ಕೆ ಹೋದ.

ಅವಳು ಫೋನ್ ಮಾಡಲಿಲ್ಲ. ಇವತ್ತು, ನಾಳೆ ಎನ್ನುತ್ತ ಎರಡು ವರ್ಷ ಕಳೆದವು. ಡಾಕ್ಟರೇಟ್ ಬಂದ ವಾರ ಚನ್ನರಾಯಪಟ್ಟಣದ ಬಸ್ಸು ಹತ್ತಿದಳು.

ಅವನ ಕ್ಲಾಸಿನಲ್ಲಿ ಹುಡುಗಿಯರು ಜಗಳಕ್ಕೆ ಬಿದ್ದವರಂತೆ ಪ್ರಶ್ನೆ ಕೇಳುತ್ತಿದ್ದರು. ಅವನು ಬೆಂಚುಗಳ ನಡುವೆ ನಿಂತು ನಗುತ್ತಿದ್ದ. ಅವಳನ್ನು ಕಂಡು ಹೊರಗೆ ಬಂದ.

"ನಿಜ ಹೇಳಿದ್ರೆ ದೂರ ಆಗ್ತೀರೇನೋ ಅಂತ ಹೆದರಿದ್ದೆ," ಎಂದಳು. "ನಿಮ್ಮ ಮೇಲೆ ಅಷ್ಟು ಆಸೆ ಇತ್ತು."

ಅವನು ಕಾರಿಡಾರಿನ ಕಂಬ ಹಿಡಿದು ನಿಂತ. "ನಂಗೆ ಮದ್ವೆ ಆಯ್ತು, ಧನು."

ಮೇಡಂ ಎನ್ನದೆ ಅವನು ಕರೆದದ್ದು ಅದೇ ಮೊದಲು.

"ಅವತ್ತು ಹಾಸನದಲ್ಲಿ ಅವ್ವನೂ ನನ್ನ ಪಕ್ಕ ಕೂತಿತ್ತು. ನಿಮ್ಮನ್ನ ತೋರ್ಸಾನ ಅಂತ ಕರ್ಕೊಂಡು ಬಂದಿದ್ದೆ. ಎಲ್ರೂ ಯಾಕ್ಲಾ ನಗ್ತಾವ್ರೆ ಅಂತ ಕೇಳ್ತು."

"ನೀವೇನಂದ್ರಿ?"

"ಆ ಹುಡ್ಗಿ ಚೆನ್ನಾಗಿ ಮಾತಾಡ್ತಾಳೆ ಕಣವ್ವ, ಅದ್ಕೆ ಅಂದೆ."