ಹೆಬ್ಬೆಟ್ಟು ತೆಗೆಯಿರಿ, ಭಟ್ಟರೇ

ತಿಂಗಳಿಗೆ ನಲವತ್ತೊಂದು ಸಲ ಪೊಲೀಸರ ನೂರು ನಂಬರಿಗೆ ಫೋನ್ ಮಾಡುವ ಆಸಾಮಿ ಹೇಗಿರಬಹುದೆಂದು ಕಾತ್ಯಾಯನಿ ಮನಸ್ಸಿನಲ್ಲೇ ಚಿತ್ರ ಬರೆದುಕೊಂಡಿದ್ದಳು. ಬೋಳುತಲೆ, ಬೊಜ್ಜು, ಮಾಡಲು ಬೇರೆ ಕೆಲಸವಿಲ್ಲದ ಮುದುಕ. ಬನಾರಸ್ಸಿನ ಪೊಲೀಸ್ ಕಂಟ್ರೋಲ್ ರೂಮಿಗೆ ಅವಳು ಮುಖ್ಯಸ್ಥೆ. ನಗರದಲ್ಲಿ ಎಲ್ಲಿ ಬೆಂಕಿ ಬಿದ್ದರೂ, ಯಾರು ಯಾರ ತಲೆ ಒಡೆದರೂ ಮೊದಲು ಫೋನ್ ರಿಂಗಾಗುವುದು ಅಲ್ಲಿ. ಅಲ್ಲಿಗೆ ಪೊಲೀಸ್ ಗಾಡಿ ಕಳಿಸುವುದು ಅವಳ ಜನ. ಅಂಥ ಕಡೆ ಸುಮ್ಮನೆ ಫೋನ್ ಮಾಡಿ ಕಾಟ ಕೊಡುವವರ ಪಟ್ಟಿಯೊಂದಿತ್ತು; ಅದರಲ್ಲಿದ್ದವರ ಕರೆಗೆ ಗಾಡಿ ಹೋಗುತ್ತಿರಲಿಲ್ಲ. ಆಸಾಮಿಯ ನಂಬರನ್ನೂ ಅದಕ್ಕೆ ಸೇರಿಸಿ ಸಹಿ ಹಾಕಿಬಿಟ್ಟಳು.

ಮಾರನೆಯ ಬೆಳಿಗ್ಗೆ ಆಸಾಮಿಯೇ ಎದುರಿಗೆ ಬಂದು ನಿಂತ. ಹೆಸರು ರಘುನಂದನ. ಮೂವತ್ತೆರಡರ ವಯಸ್ಸು, ಮಡಿಪಂಚೆ, ತಲೆತುಂಬ ಕೂದಲು. ಬೊಜ್ಜಿನ ಸುಳಿವೇ ಇರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಬದರೀನಾರಾಯಣನ ಹತ್ತಿರ ಹಿಂದಿಯಲ್ಲಿ ಕೂಗಾಡಿ ಸುಸ್ತಾಗಿ, ಕೊನೆಗೆ ತನ್ನಷ್ಟಕ್ಕೆ ಗೊಣಗಿಕೊಂಡ: "ಈ ಮಹಾತಾಯಿಗೆ ಕುರ್ಚಿ ಕೊಟ್ಟೋರು ಯಾರಪ್ಪಾ!"

"ಲಕ್ನೋದವರು ಕೊಟ್ಟಿದ್ದು," ಎಂದಳು ಕಾತ್ಯಾಯನಿ, ಅಚ್ಚ ಕನ್ನಡದಲ್ಲಿ. "ಯಾಕೆ, ನಿಮ್ಮದೇನಾದರೂ ತಕರಾರಾ?"

ಅವನ ಕಿವಿಯ ತುದಿಯಲ್ಲಿ ಶುರುವಾದ ಕೆಂಪು ಕೊರಳಿನವರೆಗೂ ಇಳಿಯಿತು. ಸಿಟ್ಟು ಬಂದಿದ್ದರೂ ಅವಳು ಅದನ್ನು ಪೂರ್ತಿ ನೋಡಿದಳು, ಸುಳ್ಳೇಕೆ ಹೇಳಬೇಕು.

"ಮೇಡಂ, ನೀವು... ನಮ್ಮವರಾ?"

"ಅಪ್ಪ ರೈಲ್ವೆ. ಹುಬ್ಬಳ್ಳಿಯಿಂದ ಬಂದವರು. ನಾನು ಹುಟ್ಟಿದ್ದು ಇಲ್ಲೇ, ಬನಾರಸ್ಸಿನ ಲಂಕಾ ಬಡಾವಣೆಯಲ್ಲಿ. ಕನ್ನಡ ಅಮ್ಮನ ಏಟಿನಿಂದ ಬಂದದ್ದು. ಈಗ ನಿಮ್ಮ ನಲವತ್ತೊಂದು ಫೋನಿನ ಕಥೆ ಹೇಳಿ."

ಕಥೆ ಸರಳವಾಗಿತ್ತು. ರಘುನಂದನನ ಮನೆತನ ಐದು ತಲೆಮಾರಿನಿಂದ ಕಾಶಿಯಲ್ಲಿ ಪೌರೋಹಿತ್ಯ ಮಾಡಿಕೊಂಡು ಬಂದದ್ದು. ಕರ್ನಾಟಕದಿಂದ ಬರುವ ಯಾತ್ರಿಗಳೆಲ್ಲ ಅವರ ಮನೆಯಲ್ಲೇ ಇಳಿಯುತ್ತಿದ್ದರು. ವಿಶ್ವನಾಥ ಗಲ್ಲಿಗೆ ಹೋದವರಲ್ಲಿ ದಿನಕ್ಕೊಬ್ಬರಾದರೂ ದಾರಿ ತಪ್ಪುತ್ತಿದ್ದರು. ಹಿಂದಿ ಬಾರದು, ಮನೆಯ ವಿಳಾಸ ಗೊತ್ತಿಲ್ಲ. ಇವನು ನೂರಕ್ಕೆ ಫೋನ್ ಮಾಡಿ, ಜೊತೆಗೇ ತಾನೂ ಹುಡುಕಲು ಓಡುತ್ತಿದ್ದ. ಪೊಲೀಸರು ಬರುವಷ್ಟರಲ್ಲಿ ದಾರಿ ತಪ್ಪಿದ ಅಜ್ಜಿ ಸಿಕ್ಕಿ, ಮನೆ ಸೇರಿ, ಊಟಕ್ಕೂ ಕೂತಾಗಿರುತ್ತಿತ್ತು. ರಿಜಿಸ್ಟರಿನಲ್ಲಿ 'ಸುಳ್ಳು ಕರೆ' ಎಂದು ಬರೆಯುತ್ತಿದ್ದರು.

"ಸಿಕ್ಕಿದ ಮೇಲೆ ಒಂದು ಫೋನ್ ಮಾಡೋಕೆ ಏನು ದಾಡಿ ನಿಮಗೆ?"

"ಸಿಕ್ಕಿದ ಖುಷೀಲಿ ಮರ್ತೇ ಹೋಗತ್ತೆ ಮೇಡಂ."

ಅವಳಿಗೆ ನಗು ಬಂತು. ತುಟಿ ಕಚ್ಚಿಕೊಂಡರೂ ಅವನು ನೋಡಿಬಿಟ್ಟ. ಅವನ ಹೆಸರು ಅಂದೇ ಪಟ್ಟಿಯಿಂದ ಆಚೆ ಬಂತು.

ಆಮೇಲೆ ಅವಳೇ ಅವನನ್ನು ಕರೆಸತೊಡಗಿದಳು. ಗಲ್ಲಿಗಳ ಗುರುತನ್ನು ಜನ ಬಾಯಲ್ಲಿ ಹೇಳುವಂತೆಯೇ ಬರೆಸಿಕೊಂಡರೆ ಆಪರೇಟರುಗಳಿಗೆ ಜಾಗ ಗೊತ್ತಾಗುತ್ತದೆ ಎಂಬುದು ಅವಳ ಯೋಜನೆ. ಪ್ರತಿ ಭಾನುವಾರ ಬೆಳಿಗ್ಗೆ ಇಬ್ಬರೂ ಗಲ್ಲಿ ಸುತ್ತುತ್ತಿದ್ದರು, ಅವಳ ಕೈಯಲ್ಲಿ ನೋಟ್‌ಬುಕ್ಕು.

"ಇದು ಹಸು ಮಲಗೋ ತಿರುವು. ಬರ್ಕೊಳ್ಳಿ."

"ಹಸು ಎದ್ದು ಹೋದರೆ ನನ್ನ ಗಾಡಿ ಎಲ್ಲಿಗೆ ಹೋಗಬೇಕು ಭಟ್ಟರೇ?"

"ಅದು ಹೋಗಲ್ಲ ಮೇಡಂ. ನಿಮ್ಮ ಹಾಗೆ ಟ್ರಾನ್ಸ್‌ಫರ್ ಇಲ್ಲ ಅದಕ್ಕೆ."

ಗಲ್ಲಿ ಇಕ್ಕಟ್ಟಾದಲ್ಲಿ ಅವನು ಗೋಡೆಗೆ ಒರಗಿ ಅವಳಿಗೆ ದಾರಿ ಬಿಡುತ್ತಿದ್ದ. ದಾಟುವಾಗ ಅವಳು ಬೇಕೆಂದೇ ಒಂದು ಕ್ಷಣ ನಿಧಾನಿಸುತ್ತಿದ್ದಳು. ಅವನ ಕಣ್ಣು ಆಗ ಎದುರಿನ ಗೋಡೆಯ ಮೇಲಿರುತ್ತಿತ್ತು, ಕಿವಿ ಮಾತ್ರ ಕೆಂಪು. ಇವನು ಬಾಯಿ ಬಿಡುವುದು ಯಾವ ಜನ್ಮದಲ್ಲೋ ಎಂದುಕೊಂಡು ಅವಳು ಮುಂದೆ ನಡೆಯುತ್ತಿದ್ದಳು.

ಕಾರ್ತಿಕ ಹತ್ತಿರ ಬಂದಾಗ ಲಕ್ನೋದಿಂದ ಕಾಗದ ಬಂತು. ಹೆಡ್‌ಕ್ವಾರ್ಟರ್ಸಿನಲ್ಲಿ ದೊಡ್ಡ ಹುದ್ದೆ. ಒಪ್ಪಿಗೆಯೋ ಇಲ್ಲವೋ, ಹುಣ್ಣಿಮೆಯ ದಿನ ಸಂಜೆ ಐದರೊಳಗೆ ಫ್ಯಾಕ್ಸ್ ಮಾಡಬೇಕು. ರಘುನಂದನನಿಗೆ ವಿಷಯ ಹೇಳಿ ಅವಳು ಅವನ ಮುಖವನ್ನೇ ನೋಡಿದಳು.

"ಒಳ್ಳೇದೇ ಆಯ್ತಲ್ಲ ಮೇಡಂ," ಎಂದ ಅವನು, ಗೋಡೆ ನೋಡುತ್ತಾ.

ಅವಳು ನೋಟ್‌ಬುಕ್ಕನ್ನು ಫಟ್ಟನೆ ಮುಚ್ಚಿದಳು. 'ಹೋಗಬೇಡಿ' ಅನ್ನುವ ಒಂದು ಮಾತು ಈ ಬಾಯಿಂದ ಬಂದಿದ್ದರೆ ಸಾಕಿತ್ತು, ಅವಳು ಇದ್ದುಬಿಡುತ್ತಿದ್ದಳು. ಬರಲಿಲ್ಲ.

ಹುಣ್ಣಿಮೆಯ ದಿನ ಬೆಳಗಿನಿಂದಲೇ ಘಾಟ್‌ಗಳಲ್ಲಿ ಜನಜಾತ್ರೆ. ದಶಾಶ್ವಮೇಧದ ಹತ್ತಿರ ದಾರಿ ತಪ್ಪಿದ ಯಾತ್ರಿಗಳಿಗೆಂದು ಒಂದು ಟೇಬಲ್ ಹಾಕಿಸಿ, ಕನ್ನಡ ತೆಲುಗು ಬಲ್ಲ ರಘುನಂದನನನ್ನು ಕೂರಿಸಿ, ಕೈಗೊಂದು ವೈರ್‌ಲೆಸ್ ಸೆಟ್ ಕೊಟ್ಟಿದ್ದಳು. ನಗರದ ಎಲ್ಲ ಪೊಲೀಸ್ ಗಾಡಿ, ಪೊಲೀಸ್ ಚೌಕಿಗಳಿಗೂ ಒಂದೇ ಚಾನೆಲ್. ಒಬ್ಬರು ಬಟನ್ ಒತ್ತಿದರೆ ಅವರು ಬಿಡುವವರೆಗೆ ಉಳಿದವರೆಲ್ಲ ಬಾಯಿ ಮುಚ್ಚಿಕೊಂಡು ಕೇಳಬೇಕು. ಮಾತು ಮುಗಿದ ಕೂಡಲೇ ಹೆಬ್ಬೆಟ್ಟು ತೆಗೆಯಬೇಕೆಂದು ಅವನಿಗೆ ಮೂರು ಸಲ ಹೇಳಿದ್ದಳು.

ಮಧ್ಯಾಹ್ನ ಎರಡೂವರೆಗೆ ಕಂಟ್ರೋಲ್ ರೂಮಿನ ಸ್ಪೀಕರಿನಲ್ಲಿ ಅವನ ದನಿ ಬಂತು. ಅನಂತಲಕ್ಷ್ಮಮ್ಮ ಎಂಬ ತುಮಕೂರಿನ ಅಜ್ಜಿ ಟೇಬಲ್ ಹತ್ತಿರ ಇದ್ದಾರೆ, ಮಗ ಬರುವವರೆಗೆ ಇಲ್ಲೇ ಕೂರಿಸಿಕೊಳ್ಳುತ್ತೇನೆ ಎಂದ. ಸರಿ. ಆದರೆ ದನಿ ನಿಲ್ಲಲಿಲ್ಲ.

"ಯಾಕಪ್ಪಾ ಭಟ್ರೇ, ಮುಖ ಹಿಂಗೆ ಬಾಡೋಗೈತೆ?" ಅಜ್ಜಿಯ ದನಿ.

"ಏನಿಲ್ಲ ಅಜ್ಜಿ."

"ನನ್ ಹತ್ರ ಬ್ಯಾಡ. ಯಾರವಳು?"

ಇಡೀ ಕಂಟ್ರೋಲ್ ರೂಮು ಸ್ಪೀಕರ್ ನೋಡಿತು. ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ, ಕಾತ್ಯಾಯನಿಯೊಬ್ಬಳನ್ನು ಬಿಟ್ಟು.

"ಮೇಡಂ, ಪಂಡಿತ್‌ಜೀ ಬಟನ್ ದಬಾಯೇ ಬೈಠೇ ಹೈಂ," ಎಂದ ಬದರೀನಾರಾಯಣ, ತಲೆ ಚಚ್ಚಿಕೊಳ್ಳುತ್ತಾ. ಒತ್ತಿದ ಬಟನ್ನನ್ನು ಪಂಡಿತರು ಬಿಟ್ಟೇ ಇರಲಿಲ್ಲ.

"ದೊಡ್ಡ ಆಫೀಸರು ಅಜ್ಜಿ. ಲಕ್ನೋಗೆ ಹೊರಟಿದಾರೆ. ತಡಿಯೋಕೆ ನಾನ್ಯಾರು? ಭಾನುವಾರ ಬಂದ್ರೆ ನಾಲ್ಕು ಗಂಟೆಗೇ ಎದ್ದು ಕೂತ್ಕೊಂಡಿರ್ತೀನಿ. ಅವರು ನಕ್ರೆ ಆ ವಾರ ಪೂರ್ತಿ ಅದೇ ನೆನಪು."

ಕಾತ್ಯಾಯನಿ ಸ್ಪೀಕರಿನತ್ತ ಬಾಗಿದಳು. ಇನ್ನೊಂದು ನಿಮಿಷ, ದೇವರೇ, ಇನ್ನೊಂದೇ ನಿಮಿಷ. ಆದರೆ ಆ ನಿಮಿಷದಲ್ಲಿ ಯಾವ ಘಾಟ್‌ನಲ್ಲಿ ಯಾರು ಸಹಾಯಕ್ಕಾಗಿ ಕೂಗಲಾಗದೆ ಒದ್ದಾಡುತ್ತಿದ್ದಾರೋ! ಅವನ ಮೊಬೈಲಿಗೆ ಹಚ್ಚಿದಳು, ಸ್ವಿಚ್ ಆಫ್. ಆ ಟೇಬಲ್ಲಿನ ಎದುರಿಗಿದ್ದ ಎಸ್‌ಟಿಡಿ ಬೂತಿನ ಕನ್ನಡಿಗ ವೀರಯ್ಯನಿಗೆ ಹಚ್ಚಿದಳು.

"ವೀರಯ್ಯನವರೇ, ಓಡಿಹೋಗಿ ಭಟ್ಟರ ಹೆಬ್ಬೆಟ್ಟು ತೆಗೆಸಿ! ವೈರ್‌ಲೆಸ್ ಮೇಲಿಂದ!"

ಸ್ಪೀಕರಿನಲ್ಲಿ ಅವನಿನ್ನೂ ಹೇಳುತ್ತಿದ್ದ: "ಅಜ್ಜಿ, ನಿಜ ಹೇಳ್ತೀನಿ, ನಾನು ಅವರನ್ನ..."

ಟಕ್. ದನಿ ನಿಂತಿತು.

ಮರುಕ್ಷಣವೇ ಅಸ್ಸಿಯ ಚೌಕಿ ಕೂಗಿತು. ದೋಣಿಯೊಂದು ವಾಲುತ್ತಿದೆ, ಹನ್ನೊಂದು ಜನ ಇದ್ದಾರೆ. ಕಾತ್ಯಾಯನಿ ಉಸಿರು ಬಿಡದೆ ಜಲ ಪೊಲೀಸರನ್ನೂ ಹತ್ತಿರದ ಎರಡು ಗಾಡಿಗಳನ್ನೂ ಓಡಿಸಿದಳು. ಕಾಲು ಗಂಟೆಯಲ್ಲಿ ಹನ್ನೊಂದೂ ಜನ ದಡದಲ್ಲಿದ್ದರು, ಒದ್ದೆಮುದ್ದೆಯಾಗಿ, ಜೀವಂತವಾಗಿ.

ಮೂರೂವರೆಗೆ ಡ್ಯೂಟಿ ಬದಲಾಯಿತು. ಅವಳು ಜೀಪ್ ಹತ್ತಿ ಗೋದೌಲಿಯಾ ಚೌಕದಲ್ಲಿ ಇಳಿದು, ಜನರ ನಡುವೆ ನುಗ್ಗಿ ದಶಾಶ್ವಮೇಧದ ಟೇಬಲ್ಲಿನತ್ತ ನಡೆದಳು. ರಘುನಂದನ ಅವಳನ್ನು ಕಂಡು ದಡಬಡನೆ ಎದ್ದ.

"ಸೆಟ್ ಕೆಟ್ಟಿದ್ಯಾ ಮೇಡಂ? ವೀರಯ್ಯ ಬಂದು ಕೈ ಕಿತ್ತೇ ಬಿಡೋರ ಹಾಗೆ..."

"ಸೆಟ್ ನೆಟ್ಟಗಿದೆ. ನೀವು ಬಟನ್ ಒತ್ತಿಕೊಂಡೇ ಅಜ್ಜಿ ಹತ್ತಿರ ಹರಟೆ ಹೊಡೆದಿರಿ."

ಅವನು ಕೈಯಲ್ಲಿದ್ದ ಸೆಟ್ಟಿನ ಬಟನ್ ನೋಡಿದ. ಆಮೇಲೆ ಕೆಂಪು ಕಿವಿಯಲ್ಲಿ ನಿಲ್ಲದೆ ಮುಖವನ್ನೆಲ್ಲ ತುಂಬಿತು.

"ಯಾರ್ಯಾರಿಗೆ ಕೇಳಿಸ್ತು?"

"ಹತ್ತೊಂಬತ್ತು ಗಾಡಿ, ಇಪ್ಪತ್ತಾರು ಚೌಕಿ."

"ಸದ್ಯ! ಅವರಿಗ್ಯಾರಿಗೂ ಕನ್ನಡ ಬರಲ್ಲವಲ್ಲ?"

"ನನಗೆ ಬರುತ್ತೆ."

ಅವನು ತಲೆ ತಗ್ಗಿಸಿದ. ಪಕ್ಕದ ಕುರ್ಚಿಯಲ್ಲಿದ್ದ ಅನಂತಲಕ್ಷ್ಮಮ್ಮ ಖಾಕಿಯವಳನ್ನು ಮೇಲಿಂದ ಕೆಳಗೆ ನೋಡಿ, "ಓ, ಇವಳೇನಾ!" ಎಂದು ಸೆರಗು ಸರಿಮಾಡಿಕೊಂಡು ಆರಾಮಾಗಿ ಕೂತರು.

"ವಾಕ್ಯ ಅರ್ಧಕ್ಕೆ ನಿಂತಿದೆ ಭಟ್ಟರೇ. ನಿಲ್ಲಿಸಿದವಳೂ ನಾನೇ, ಬೇರೆ ದಾರಿ ಇರಲಿಲ್ಲ. ಅದನ್ನ ಪೂರ್ತಿ ಕೇಳಿ ಹೋಗೋಣ ಅಂತ ಬಂದೆ. ಐದಕ್ಕೆ ನನ್ನ ಫ್ಯಾಕ್ಸ್ ಹೋಗಬೇಕು."

ಅವನು ಸೆಟ್ಟನ್ನು ಟೇಬಲ್ ಮೇಲಿಟ್ಟ. ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. ಮೊದಲ ಸಲ ಗೋಡೆ ಬಿಟ್ಟು ಅವಳ ಕಣ್ಣನ್ನೇ ನೋಡಿದ.

"ನಾನು ನಿಮ್ಮನ್ನ ಪ್ರೀತಿಸ್ತೀನಿ. ನಿಮ್ಮಂಥೋರನ್ನ ಹೋಗಬೇಡಿ ಅನ್ನೋದು ನನ್ನ ಸ್ವಾರ್ಥ ಅನ್ನಿಸ್ತಿತ್ತು."

"ಅಂದು ನೋಡಿ."

"ಹೋಗಬೇಡಿ, ಕಾತ್ಯಾಯನಿ."

"ಸರಿ," ಎಂದಳು ಅವಳು. "ಇನ್ನೂ ಅರ್ಧದಷ್ಟು ಗಲ್ಲಿ ಬರೆಯೋದು ಬಾಕಿ ಇದೆ, ಅದನ್ನ ಬಿಟ್ಟು ಹೋಗೋಕೆ ನನಗೂ ಮನಸ್ಸಿರಲಿಲ್ಲ. ಅದು ಅರ್ಧ ಕಾರಣ, ಉಳಿದರ್ಧ ನೀವು. ನಿಮ್ಮ ಬಾಯಿಂದ ಇದು ಬರಲಿ ಅಂತ ಎಷ್ಟು ಭಾನುವಾರ ಕಾದಿದೀನಿ, ಗೊತ್ತಾ?"

ಅವಳು ವೀರಯ್ಯನ ಬೂತಿಗೆ ಹೋಗಿ, ಲಕ್ನೋಗೆ ಒಪ್ಪಿಗೆಯಿಲ್ಲ ಎಂದು ಫ್ಯಾಕ್ಸ್ ಮಾಡಲು ಬದರೀನಾರಾಯಣನಿಗೆ ಫೋನಿನಲ್ಲಿ ಹೇಳಿ ಬಂದಳು. ರಘುನಂದನ ಇನ್ನೂ ಕೈ ಹಿಂದೆ ಕಟ್ಟಿಕೊಂಡೇ ನಿಂತಿದ್ದ. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಮೈಮೇಲೆ ಯೂನಿಫಾರ್ಮ್ ಇರುವುದು ನೆನಪಾಗಿ ನಗುವನ್ನಷ್ಟೇ ಉಳಿಸಿಕೊಂಡಳು.